ಪಕ್ಕದ ಸೀಟಿನವರು

ಏಪ್ರಿಲ್ 7, ಸೋಮವಾರ

ಇವತ್ತಿನಿಂದ ನನಗೆ ಬಡ್ತಿ. ಎಂಟು ವರ್ಷ ಟಿಕೆಟ್ ಕೌಂಟರಿನಲ್ಲಿ ಕೂತು ಇಪ್ಸ್‌ವಿಚ್ ಕಡೆಯ ಮಕ್ಕಳ ಮಣಿಕಟ್ಟಿಗೆಲ್ಲ ಕಾಗದದ ಪಟ್ಟಿ ಸುತ್ತಿದ ಮೇಲೆ ಮೋಜಿನ ಪಾರ್ಕಿನವರು ನನ್ನನ್ನು ದೆವ್ವದ ಬಂಡಿಗೆ ಹಾಕಿದ್ದಾರೆ. ಮೈಸೂರಿನಲ್ಲಿ ಕನ್ನಡ ಮಾಧ್ಯಮದ ಬಿ.ಎ. ಮುಗಿಸಿದ ಮೈಥಿಲಿಗೆ ನಲವತ್ತಾರನೆಯ ವಯಸ್ಸಿನಲ್ಲಿ ಒಲಿದ ಪದವಿ ಇದು.

ದೆವ್ವದ ಬಂಡಿ ಎಂದರೆ ಕತ್ತಲೆಯ ಶೆಡ್ಡು, ಒಳಗೆ ಸೊಟ್ಟಂಪಟ್ಟ ಹಳಿ, ಹಳಿಯ ಮೇಲೆ ಇಬ್ಬಿಬ್ಬರು ಕೂರುವ ಪುಟ್ಟ ಬಂಡಿಗಳು. ಇಷ್ಟು ವರ್ಷ ಅಲ್ಲಿ ಪ್ಲಾಸ್ಟಿಕ್ ಅಸ್ಥಿಪಂಜರಗಳು ತೂಗಾಡುತ್ತಿದ್ದವು. ಮಕ್ಕಳು ಅವುಗಳ ಹೆಗಲ ಮೇಲೆ ಕೈ ಹಾಕಿ ಸೆಲ್ಫಿ ತೆಗೆದುಕೊಳ್ಳತೊಡಗಿದ ಮೇಲೆ ಅವಕ್ಕೆ ನಿವೃತ್ತಿಯಾಯಿತು. ಈಗ ಹಳಿ ಅದೇ, ಬಂಡಿ ಅದೇ. ಕೂತವರ ಮುಖಕ್ಕೆ ಮಾತ್ರ ಒಂದು ಹೆಡ್‌ಸೆಟ್. ಹಾಕಿಕೊಂಡರೆ ಶೆಡ್ಡು ಮಾಯವಾಗಿ, ನೀರಿನಲ್ಲಿ ಮುಳುಗಿದ ಊರೊಂದರ ಬೀದಿ ಕಾಣಿಸುತ್ತದೆ. ಮನೆಗಳ ಬಾಗಿಲೆಲ್ಲ ಅರೆತೆರೆದಿರುತ್ತವೆ.

ಬಂಡಿ ಬಲಕ್ಕೆ ತಿರುಗಿದಾಗ ಚಿತ್ರವೂ ಆಗಲೇ ಬಲಕ್ಕೆ ತಿರುಗಬೇಕು. ಅರೆಕ್ಷಣ ತಡವಾದರೂ ಕಣ್ಣು ಒಂದು ಹೇಳುತ್ತದೆ, ಹೊಟ್ಟೆ ಇನ್ನೊಂದು ಹೇಳುತ್ತದೆ, ಕೊನೆಗೆ ಹೊಟ್ಟೆಯ ಮಾತೇ ಹೊರಗೆ ಬರುತ್ತದೆ. ಹೊಸ ಶೋ ತೆರೆಯುವವರೆಗೆ ದಿನಾ ಬೆಳಿಗ್ಗೆ, ಪಾರ್ಕಿನ ಗೇಟು ತೆಗೆಯುವ ಮೊದಲು, ನಾನೊಬ್ಬಳೇ ಒಂದು ಸುತ್ತು ಹೋಗಿ, ವಾಂತಿ ಬರುವಂತಾಯಿತೋ ಇಲ್ಲವೋ ಎಂದು ತಿಳಿಸಬೇಕು. ಇದೇ ನನ್ನ ಕೆಲಸ.

ತಲೆಗೆ ಹೊರೆ, ಮೂಗಿಗೆ ಬರೆ, ಕಣ್ಣಿಗೆ ಮಾತ್ರ ಹೊಸ ಧರೆ.

ಇದನ್ನು ಭರತೇಶನಿಗೆ ಹೇಳಿದೆ. ಚಿತ್ರ ಮಾಡಿಕೊಡುವ ಕಂಪನಿಯವನು. ಹಾಸನದವನು, ಇಲ್ಲಿನ ಸೇಂಟ್ ಲೂಸಿಯಾದ ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡುತ್ತ ಇದನ್ನೂ ಮಾಡುತ್ತಾನೆ.

"ಅಕ್ಕ, ಇದನ್ನ ಬೋರ್ಡ್ ಮೇಲೆ ಬರ್ಸಣ."

"ಬರ್ಸಪ್ಪ. ಓದೋರು ಇಬ್ರೇ, ನೀನು ಮತ್ತೆ ನಾನು."

ಏಪ್ರಿಲ್ 13, ಭಾನುವಾರ

ಭಾನುವಾರ ನಮ್ಮ ಮನೆಯ ಮೂರು ಊರುಗಳು ಫೋನಿನ ಪರದೆಯ ಮೇಲೆ ಸೇರುವ ದಿನ. ಇವರು, ಅಂದರೆ ವಸಂತಕುಮಾರ್, ಜನವರಿಯಿಂದ ಪರ್ತಿನಲ್ಲಿದ್ದಾರೆ. ಎರಡು ವಾರ ಗಣಿ, ಒಂದು ವಾರ ಬಾಡಿಗೆಯ ಕೋಣೆ. ಮಾಲವಿಕಾ ಅಡಿಲೇಡಿನಲ್ಲಿ, ನರ್ಸಿಂಗ್ ಎರಡನೆಯ ವರ್ಷ. ರನ್‌ಕಾರ್ನಿನ ಈ ಮನೆಗೆ ನಾನೇ ಯಜಮಾನಿ, ನಾನೇ ಬಾಡಿಗೆದಾರಳು.

ಗಂಡ ಗಣಿಯಲ್ಲಿ, ಮಗಳು ದಣಿವಿನಲ್ಲಿ, ನಾನು ದೆವ್ವದ ಬಂಡಿಯಲ್ಲಿ.

ಇವರು ನಕ್ಕರು. ಮಾಲವಿಕಾ ನಗಲಿಲ್ಲ. ಜೊತೆಗಿದ್ದ ಹುಡುಗಿ ಮನೆ ಬಿಟ್ಟು ಹೋದಳಂತೆ. ಇವರು ಫೋನಿಟ್ಟ ಮೇಲೆ, "ಅಮ್ಮಾ, ಕ್ಯಾನ್ ಯು ಕಮ್? ಜಸ್ಟ್ ಫಾರ್ ಎ ವೀಕ್," ಎಂದಳು.

ನಾನು ತಲೆಯಾಡಿಸಿದೆ.

"ಅಮ್ಮಾ, ಈಸ್ ದಟ್ ಎಸ್ ಆರ್ ನೋ?"

ಇಲ್ಲೇ ಹುಟ್ಟಿದವಳು. ಕನ್ನಡ ಕಿವಿಗೆ ಬರುತ್ತದೆ, ಬಾಯಿಗೆ ಬರುವುದಿಲ್ಲ, ಕುತ್ತಿಗೆಗಂತೂ ಬಂದೇ ಇಲ್ಲ. ಹೂಂ ಎನ್ನುವುದಕ್ಕೆ ನಾವು ತಲೆಯನ್ನು ಬಲಕ್ಕೊಮ್ಮೆ ಎಡಕ್ಕೊಮ್ಮೆ ವಾಲಿಸುವುದು ಅವಳಿಗೆ ಇವತ್ತಿಗೂ ಒಗಟು.

"ಬರ್ತೀನಿ ಪುಟ್ಟಿ. ಮೇ ನಡುವಲ್ಲಿ ಖಂಡಿತ ಬರ್ತೀನಿ," ಎಂದೆ. ರಜೆಯಂತೂ ಬೇಕಾದಷ್ಟು ಉಳಿದಿದೆ.

ಏಪ್ರಿಲ್ 23, ಬುಧವಾರ

ಇವತ್ತು ಬಂಡಿಯಲ್ಲಿ ನನಗೆ ಜೊತೆ ಸಿಕ್ಕಿತು.

ಹೆಡ್‌ಸೆಟ್ ಹಾಕಿಕೊಂಡು ಎಡಪಕ್ಕಕ್ಕೆ ತಿರುಗಿದರೆ ಯಾರೋ ಕೂತಿದ್ದಾರೆ. ಬೂದು ಬಣ್ಣದ ರೇನ್‌ಕೋಟು, ತಲೆಯ ಮೇಲೆ ಅದರದೇ ಟೊಪ್ಪಿಗೆ, ಟೊಪ್ಪಿಗೆಯೊಳಗೆ ಬರೀ ಕತ್ತಲೆ. ಮಡಿಲಲ್ಲಿ ಎರಡು ಕೈ. ನಾನು ಕಿರುಚಿದ್ದು ಆಚೆಯ ಚಹಾದಂಗಡಿಯವರಿಗೂ ಕೇಳಿಸಿತಂತೆ.

"ಬೇರೆ ಪಾರ್ಕಲ್ಲಿ ಒಬ್ರೇ ಹೋದೋರ್ದೆಲ್ಲ ಒಂದೇ ಕಂಪ್ಲೇಂಟು ಅಕ್ಕ," ಎಂದ ಭರತೇಶ. "ಪಕ್ಕದ ಖಾಲಿ ಸೀಟೇ ದೆವ್ವಕ್ಕಿಂತ ಜಾಸ್ತಿ ಹೆದರ್ಸತ್ತೆ ಅಂತಾರೆ. ಅದಕ್ಕೇ ತುಂಬ್ಸಿದೆ."

"ಮುಖ ಎಲ್ಲಪ್ಪ?"

"ಮುಖಕ್ಕೆ ಟೈಮಿಲ್ಲ. ಟೊಪ್ಪಿಗೆ ಹಾಕಿದ್ರೆ ಮುಖದ್ ಕೆಲ್ಸ ಉಳೀತು."

ಅದು ಸುಮ್ಮನೆ ಕೂತಿರುವುದಿಲ್ಲ. ನಾವು ನೋಡಿದ ಕಡೆಗೆ ಅರೆಕ್ಷಣ ಬಿಟ್ಟು ತಾನೂ ನೋಡುತ್ತದೆ. ಬಂಡಿಯಲ್ಲಿ ಕೂತವರ ತಲೆಗಳು ಹೇಗೆಲ್ಲ ಅಲ್ಲಾಡಿದವು ಎಂಬುದನ್ನು ನೆನಪಿಟ್ಟುಕೊಂಡು ಹಾಗೆ ಅಲ್ಲಾಡುವುದನ್ನು ಕಲಿಯುತ್ತದಂತೆ.

ಮೇ 5, ಸೋಮವಾರ

ಇಷ್ಟು ದಿನ ಅದು ಗೊಂಬೆ. ಇವತ್ತು ಮೊದಲನೆಯ ತಿರುವಿನಲ್ಲಿ ಅಭ್ಯಾಸಬಲದಿಂದ, "ಚಳಿ ಜಾಸ್ತಿ ಇವತ್ತು, ಅಲ್ವಾ?" ಎಂದೆ. ಟೊಪ್ಪಿಗೆ ಬಲಕ್ಕೆ ವಾಲಿತು. ಆಮೇಲೆ ಎಡಕ್ಕೆ.

ಹೂಂ ಅಂದ ಹಾಗೆ. ಅಪ್ಪಟ ಮೈಸೂರು ಹೂಂ.

ಭರತೇಶನಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. "ಶೋ ಇನ್ನೂ ಓಪನ್ನೇ ಆಗಿಲ್ಲ. ದಿನಾ ಓಡ್ಸೋರು ನೀವೊಬ್ರೇ. ಕಲಿಯಕ್ಕೆ ಇರೋದು ನಿಮ್ ತಲೆ ಒಂದೇ. ಅದು ಇನ್ಯಾರ ತರ ಆಡಬೇಕು ಅಕ್ಕ?"

ಸರಿಯಾದ ಮಾತೇ. ಆದರೂ ಇಪ್ಪತ್ತು ವರ್ಷದಲ್ಲಿ ಮಗಳ ಕುತ್ತಿಗೆಗೆ ಬಾರದ್ದು ಇದಕ್ಕೆ ಹತ್ತಾರು ಸುತ್ತಿನಲ್ಲಿ ಬಂತು. ಇನ್ನು ಅದು ಇದು ಎಂದು ಬರೆಯುವುದು ಚೆನ್ನಾಗಿರುವುದಿಲ್ಲ. ವಯಸ್ಸು ಗೊತ್ತಿಲ್ಲದವರನ್ನು ಬಹುವಚನದಲ್ಲೇ ಕರೆಯಬೇಕು.

ಮೇ 11, ಭಾನುವಾರ

ಇಲ್ಲಿನವರ ಅಮ್ಮಂದಿರ ದಿನ. ಪಾರ್ಕಿನಲ್ಲಿ ಅಮ್ಮಂದಿರಿಗೆ ಪುಕ್ಕಟೆ ಐಸ್‌ಕ್ರೀಮ್, ನನಗೆ ಎಂದಿನ ಪಾಳಿ.

ಬೆಳಿಗ್ಗೆ ಮಾಲವಿಕಾ ಫೋನು ಮಾಡಿದ್ದಳು. ಟಿಕೆಟ್ ಮಾಡಿಸಿದೆಯಾ ಎಂದು ಕೇಳಿದಳು. ಶೋ ಶುರುವಾಗುವುದು ಜೂನ್ ಕೊನೆಗೆ, ಅಲ್ಲಿಯವರೆಗೆ ಬಿಡುವಾಗುವುದಿಲ್ಲ, ಜುಲೈನಲ್ಲಿ ನಿನಗೂ ರಜೆ ಎಂದೆಲ್ಲ ಹೇಳಿದೆ. "ಓಕೆ," ಎಂದಳು. ಮೊದಲಾದರೆ ಜಗಳ ಕಾಯುತ್ತಿದ್ದಳು. ಈಗ ದೊಡ್ಡವಳಾಗಿದ್ದಾಳೆ.

ಬಂಡಿಯಲ್ಲಿ ಇದನ್ನು ಪಕ್ಕದವರಿಗೆ ಹೇಳಿಕೊಂಡೆ. ಇವರಿಗೆ ಫೋನಿನಲ್ಲಿ ಹೇಳಿದರೆ ಗಣಿಯ ಗಾಳಿಗೆ ಅರ್ಧ ಮಾತು ಹಾರಿಹೋಗುತ್ತದೆ. ಪಕ್ಕದವರು ಪೂರ್ತಿ ಕೇಳಿದರು, ತಕ್ಕ ಕಡೆ ತಲೆ ವಾಲಿಸಿದರು. ಬಂಡಿ ನಿಂತಾಗ, ಹೆಡ್‌ಸೆಟ್ ತೆಗೆಯುವ ಮೊದಲು, ಬಾಯಿ ತನ್ನಷ್ಟಕ್ಕೆ ತಾನೇ ಹೇಳಿತು: "ಬರ್ತೀನಿ ಹಾಗಾದ್ರೆ. ಒಂದ್ಸಲ ಮನೆಗೆ ಬನ್ನಿ."

ನಾವು ಯಾರಿಗೆ ತಾನೇ ಹೀಗೆ ಹೇಳುವುದಿಲ್ಲ! ಕನ್ನಡ ಸಂಘದ ಬಾರ್ಬೆಕ್ಯೂ ಊಟದಲ್ಲಿ ಕಂಡವರಿಗೆಲ್ಲ ಹೇಳಿದ್ದೇನೆ. ಅವರೂ ನನಗೆ ಹೇಳಿದ್ದಾರೆ. ಹೇಳಿದವರಿಗೂ ಕೇಳಿದವರಿಗೂ ಗೊತ್ತು, ಯಾರೂ ಯಾರ ಮನೆಗೂ ಹೋಗುವುದಿಲ್ಲ ಎಂದು.

ಮೇ 13, ಮಂಗಳವಾರ

ಬಂದಿದ್ದಾರೆ.

ಸಂಜೆ ಬೀಗ ತೆಗೆದು ಚಪ್ಪಲಿ ಬಿಡುವಾಗಲೇ ಮಳೆಯಲ್ಲಿ ನೆನೆದ ಕೋಟಿನ ವಾಸನೆ. ಹೊರಗೆ ಒಂದು ಹನಿಯಿಲ್ಲ. ಸೋಫಾದ ಎಡತುದಿಯ ಮೆತ್ತೆ ಯಾರೋ ಕೂತ ಹಾಗೆ ತಗ್ಗಿತ್ತು. ನೇರವಾಗಿ ನೋಡಿದರೆ ಏನೂ ಇಲ್ಲ. ಕಣ್ಣಂಚಿನಲ್ಲಿ ಮಾತ್ರ ಬೂದು ಬಣ್ಣ.

ಹೆದರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಅಡುಗೆಮನೆಗೆ ಹೋಗಿ ಸಿಂಕು ಹಿಡಿದುಕೊಂಡು ನಿಂತೆ. ಆಮೇಲೆ, ಕರೆದದ್ದು ನಾನೇ ಅಲ್ಲವೇ ಎನಿಸಿತು. ಇಷ್ಟು ವರ್ಷದಲ್ಲಿ ನನ್ನ ಮಾತಿಗೆ ಬೆಲೆ ಕೊಟ್ಟು ಬಂದವರು ಪಕ್ಕದ ಸೀಟಿನವರೊಬ್ಬರೇ.

ಎರಡು ಲೋಟ ಕಾಫಿ ಮಾಡಿದೆ. ಅವರ ಲೋಟದಲ್ಲಿ ಕೆನೆ ಕಟ್ಟಿತು.

ಕರೆದರೆ ಯಾರೂ ಬರುವುದಿಲ್ಲ, ಬಂದವರು ಬೇಗ ಹೋಗುವುದಿಲ್ಲ.

ಮೇ 25, ಭಾನುವಾರ

ಒಳ್ಳೆಯ ಅತಿಥಿ ಹೇಗಿರಬೇಕೆಂದು ಪಕ್ಕದವರನ್ನು ನೋಡಿ ಕಲಿಯಬೇಕು. ಟೀವಿ ಹಾಕಿ ಎನ್ನುವುದಿಲ್ಲ, ಸಾರಿಗೆ ಉಪ್ಪು ಕಡಿಮೆ ಎನ್ನುವುದಿಲ್ಲ. ನಾನು ಕಿಟಕಿಯ ಕಡೆ ನೋಡಿದರೆ ಅರೆಕ್ಷಣ ಬಿಟ್ಟು ಕಿಟಕಿಯ ಕಡೆ ನೋಡುತ್ತಾರೆ. ಪ್ರಾಸದ ಮೊದಲ ಸಾಲು ಹೇಳಿ ಸುಮ್ಮನಾದರೆ, ಎರಡನೆಯ ಸಾಲು ನನ್ನ ತಲೆಯೊಳಗೆ ಆ ಎಡಗಡೆಯಿಂದ ಬಂದ ಹಾಗೆ ಬರುತ್ತದೆ.

ಒಂದೇ ತೊಡಕು. ಮನೆಗೆ ಬಂದ ಹೆಂಗಸನ್ನು ಕುಂಕುಮ ಕೊಡದೆ ಕಳಿಸಬಾರದು. ಕುಂಕುಮ ಕೊಡುವವರೆಗೆ ಅವರೂ ಎದ್ದು ಹೊರಡುವ ಹಾಗಿಲ್ಲ. ಹಣೆಯೇ ಇಲ್ಲದವರಿಗೆ ಎಲ್ಲಿ ಇಡಲಿ? ಹಾಗಾಗಿ ನಾನು ಕೊಡುತ್ತಿಲ್ಲ, ಅವರು ಹೊರಡುತ್ತಿಲ್ಲ. ಸೌಜನ್ಯಕ್ಕೆ ಸಿಕ್ಕಿ ಇಬ್ಬರೂ ಕೂತಿದ್ದೇವೆ.

ಮಧ್ಯಾಹ್ನ ಮೂರು ಊರುಗಳ ಫೋನು. ಮಾಲವಿಕಾ, "ಅಮ್ಮಾ, ಮೂವ್ ಟು ದ ಮಿಡ್ಲ್. ಐ ಕ್ಯಾನ್ ಓನ್ಲಿ ಸೀ ಹಾಫ್ ಯುವರ್ ಫೇಸ್," ಎಂದಳು.

ಇವರೂ, "ಹೌದು ಕಣೇ, ಅರ್ಧ ಪರದೆ ಖಾಲಿ ಬಿಟ್ಕೊಂಡು ಮೂಲೇಲಿ ಯಾಕ್ ಕೂತಿದೀಯ?" ಎಂದರು.

"ಸೋಫಾ ಸಣ್ಣದಲ್ವೇನ್ರೀ," ಎಂದೆ.

"ಮೂರ್ ಜನ ಕೂರೋ ಸೋಫಾ ಅದು. ನಾನೇ ಹೊತ್ಕೊಂಡ್ ಬಂದಿದ್ದು!"

ಮಾಲವಿಕಾ ತುಂಬ ಇಳಿದಿದ್ದಾಳೆ. ಹಿಂದುಗಡೆ ಬಟ್ಟೆಯ ರಾಶಿ. ಮಧ್ಯಾಹ್ನವಾದರೂ ಕಿಟಕಿಯ ಪರದೆ ಸರಿಸಿಲ್ಲ. ಪರೀಕ್ಷೆ ಹತ್ತಿರ ಬಂದಿರಬೇಕು.

ಜೂನ್ 6, ಶುಕ್ರವಾರ

ಭರತೇಶ ಬಂಡಿಯ ಬಳಿ ಕೂತು ಲ್ಯಾಪ್‌ಟಾಪ್ ಕುಟ್ಟುತ್ತಿದ್ದ. ನಾನು ಇಳಿದು, "ಇವತ್ತು ಮೂರನೇ ತಿರುವಲ್ಲಿ ಅವರ ಕೈ ನನ್ನ ಕೈ ಮೇಲೆ ಬಂತು ಕಣೋ. ಅದೊಂದು ಒಳ್ಳೇದು ಮಾಡಿದೆ. ಹೆದರಿಕೆ ಆಗಲ್ಲ," ಎಂದೆ.

"ಯಾರ ಕೈ?"

"ಪಕ್ಕದ ಸೀಟಿನವರದ್ದು."

ಅವನು ತಲೆಯೆತ್ತಿ ನನ್ನನ್ನೇ ನೋಡಿದ. "ಅಕ್ಕ, ಅದನ್ನ ತೆಗ್ದಾಕಿ ಹತ್ತು ದಿನ ಆಯ್ತು. ಬಂಡಿ ತಿರುಗೋವಾಗ ಅದೂ ತಿರುಗಿ ಚಿತ್ರ ತಡ ಆಗ್ತಿತ್ತು. ಪಕ್ಕದ್ ಸೀಟಲ್ಲಿ ಈಗ ಏನೂ ಇಲ್ಲ."

ಹುಡುಗನಿಗೆ ನಿದ್ದೆ ಸಾಲದು. ಪಿಎಚ್‌ಡಿ ಮಾಡುವವರ ಗೋಳೇ ಇಷ್ಟು. ನಾಳೆ ಒಂದು ಡಬ್ಬಿ ಚಿತ್ರಾನ್ನ ತಂದುಕೊಡಬೇಕು.

ಮುಟ್ಟಿದ ಕೈ ತಣ್ಣಗಿತ್ತು ಎಂಬುದನ್ನು ಅವನಿಗೆ ಹೇಳಲಿಲ್ಲ.

ಜೂನ್ 15, ಭಾನುವಾರ

ಮಾಲವಿಕಾಳ ಫೋನು ಬಂದಿತ್ತು. ಎತ್ತಲಿಲ್ಲ. ಊಟಕ್ಕೆ ಕೂತಿದ್ದೆವು.

ಜೂನ್ 22, ಭಾನುವಾರ

ಎತ್ತಿದೆ. ಯಾಕೋ ಈಗೀಗ ಪರದೆಯಲ್ಲಿ ಅವಳ ತುಟಿ ಮೊದಲು ಆಡುತ್ತದೆ, ಮಾತು ಆಮೇಲೆ ಬರುತ್ತದೆ. ಐದು ನಿಮಿಷಕ್ಕೆ ಹೊಟ್ಟೆ ತೊಳೆಸಿತು. ಬಂಡಿಯಲ್ಲಿ ಒಮ್ಮೆಯೂ ಹೀಗಾದದ್ದಿಲ್ಲ. ಫೋನು ಮಗುಚಿಟ್ಟೆ. ಅವಳು ಏನೋ ಮುಖ್ಯವಾದದ್ದು ಹೇಳುತ್ತಿದ್ದಳು.

ಇವತ್ತು ಪ್ರಾಸ ಹೊಳೆಯಲಿಲ್ಲ. ಮೊದಲ ಸಾಲೂ ಎಡಗಡೆಯಿಂದಲೇ ಬರಲಿ ಎಂದು ಕಾದೆ.

ಜೂನ್ 28, ಶನಿವಾರ

ಶೋ ಶುರುವಾಯಿತು. ಶಾಲೆಗಳಿಗೂ ರಜೆ, ಜನವೋ ಜನ. ನನಗೆ ಜನರನ್ನು ಬಂಡಿಗೆ ಹತ್ತಿಸುವ ಕೆಲಸ.

ಒಂದು ಗಂಟೆಯಾಗಿರಬಹುದು, ಭರತೇಶ ಓಡಿ ಬಂದ. "ಅಕ್ಕ, ಏನ್ಮಾಡ್ತಿದೀರಾ? ಯಾಕೆ ಎಲ್ರನ್ನೂ ಒಬ್ಬೊಬ್ರನ್ನೇ ಕೂರ್ಸಿ ಕಳಿಸ್ತಿದೀರಾ? ಕ್ಯೂ ಆಚೆ ಪೆಟ್ರೋಲ್ ಬಂಕ್ ತನಕ ಹೋಗಿದೆ. ಗಂಡ ಹೆಂಡ್ತೀನ ಬೇರೆ ಬೇರೆ ಬಂಡಿಗೆ ಹಾಕಿದೀರಂತೆ!"

"ಎಡಗಡೆ ಸೀಟು ಖಾಲಿ ಇರಲಿಲ್ವಲ್ಲಪ್ಪ," ಎಂದೆ.

ಅವನು ನೇರವಾಗಿ ಆಫೀಸಿಗೆ ಹೋದ. ಮ್ಯಾನೇಜರನ ಹತ್ತಿರ ಏನು ಹೇಳಿದನೋ, ಎರಡು ವಾರ ರಜೆ ಕೊಟ್ಟು ಮನೆಗೆ ಕಳಿಸಿದರು. ಹೊರಡುವಾಗ ಭರತೇಶ ನನ್ನ ಫೋನು ಇಸಿದುಕೊಂಡು ಪರ್ತಿನಲ್ಲಿರುವ ಇವರ ನಂಬರನ್ನೂ ಬರೆದುಕೊಂಡ. ಯಾಕೋ ಏನೋ.

ಬಸ್ಸಿನಲ್ಲಿ ಅಷ್ಟು ಜನ ನಿಂತಿದ್ದರೂ ನನ್ನ ಪಕ್ಕ ಯಾರೂ ಕೂರಲಿಲ್ಲ. ಇಲ್ಲಿಯ ಜನ ಒಳ್ಳೆಯವರು. ಹೇಳದೆಯೇ ಅರ್ಥ ಮಾಡಿಕೊಳ್ಳುತ್ತಾರೆ.

ಜುಲೈ 2, ಬುಧವಾರ

ಇವತ್ತು ಬಹಳ ಬರೆಯುವುದಿದೆ.

ಬೆಳಿಗ್ಗೆ ಕಾಲಿಂಗ್ ಬೆಲ್. ಬಾಗಿಲು ತೆಗೆದರೆ ಮಾಲವಿಕಾ. ಬೆನ್ನಿಗೆ ಚೀಲ, ಕಣ್ಣಿನ ಸುತ್ತ ಕಪ್ಪು. ಅಪ್ಪ ಟಿಕೆಟ್ ಕಳಿಸಿದರಂತೆ. ಅಪ್ಪಿಕೊಂಡಳು. ಮೈಯಲ್ಲಿ ಮೂಳೆಯೇ ಕೈಗೆ ಸಿಗುತ್ತಿತ್ತು. ಚೀಲ ಇಳಿಸಿ ಸೋಫಾದ ಎಡತುದಿಗೆ ಹೋದಳು.

"ಅಲ್ಲಿ ಬೇಡ ಪುಟ್ಟಿ. ಅಲ್ಲಿ ಕೂತಿದಾರೆ."

ಅರ್ಧ ಬಾಗಿದವಳು ಹಾಗೇ ನಿಂತಳು. ಮೇಜಿನ ಮೇಲೆ ಎರಡು ಕಾಫಿ ಲೋಟ, ಒಂದರಲ್ಲಿ ಕೆನೆ. ಅಡುಗೆಕಟ್ಟೆಯ ಮೇಲೆ ಎರಡು ತಟ್ಟೆ, ಒಂದರಲ್ಲಿ ನಿನ್ನೆಯ ಅನ್ನ ಬಡಿಸಿದ ಹಾಗೇ ಇದೆ. ಒಂದೊಂದನ್ನೇ ನೋಡಿದಳು.

"ಹೂ, ಅಮ್ಮಾ?"

"ಪಾರ್ಕಿನವರು. ಪಕ್ಕದ ಸೀಟಿನವರು. ನಾನೇ ಕರೆದೆ."

ಅವಳು ಕೂಗಾಡುತ್ತಾಳೆ ಅಂದುಕೊಂಡೆ. ನೆಲದ ಮೇಲೆ ಕೂತುಬಿಟ್ಟಳು. "ಐ ಆಸ್ಕ್ಡ್ ಯು ಟು ಕಮ್. ಇನ್ ಏಪ್ರಿಲ್. ಐ ಸ್ಟಾಪ್ಡ್ ಗೋಯಿಂಗ್ ಟು ಕ್ಲಾಸ್, ಅಮ್ಮಾ. ಐ ಟೋಲ್ಡ್ ಯು ಅಂಡ್ ಯು ಹಂಗ್ ಅಪ್. ನಾನು..." ಎಂದು ತಡವರಿಸಿ, ಕನ್ನಡದಲ್ಲೇ ಹುಡುಕಿ ಹೇಳಿದಳು, "ನಾನು ಒಬ್ಳೇ."

ಆ ಒಂದು ಮಾತು ತಡವಾಗಲಿಲ್ಲ. ಅವಳ ತುಟಿ ಆಡಿದ ಕ್ಷಣಕ್ಕೇ ನನ್ನ ಕಿವಿಗೆ ಬಂತು.

ನನ್ನ ಮಗಳು ಒಬ್ಬಳೇ ಕತ್ತಲೆ ಕೋಣೆಯಲ್ಲಿ ಕೂತಿರುವಾಗ ನಾನು ಯಾರಿಗೆ ಕಾಫಿ ಕಾಸುತ್ತಿದ್ದೆ? ಎದ್ದು ದೇವರ ಗೂಡಿನಿಂದ ಕುಂಕುಮದ ಡಬ್ಬಿ ತಂದೆ. ಹಣೆಯಿಲ್ಲದಿದ್ದರೆ ಗಾಳಿಗಾದರೂ ಇಟ್ಟು ಕಳಿಸಬೇಕು ಎಂದು ಒಂದು ಚಿಟಿಕೆ ಬೆರಳಿಗೆ ತೆಗೆದುಕೊಂಡೆ. ಸೋಫಾದ ಮುಂದೆ ಹೋಗಿ ನಿಂತೆ. ಮನೆಗೆ ಕರೆದವರನ್ನು ಎದ್ದೇಳಿ ಎನ್ನುವುದು ಹೇಗೆ?

ಮಾಲವಿಕಾ ಎದ್ದಳು. ಬಾಗಿಲನ್ನು ಗೋಡೆಗೆ ತಾಗುವಷ್ಟು ತೆರೆದು ಸೋಫಾದ ಕಡೆ ತಿರುಗಿ, "ಹೋಗಿ," ಎಂದಳು.

ಮನೆಯಿಂದ ಹೊರಡುವವರಿಗೆ ಬರೀ ಹೋಗಿ ಎಂದು ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಸಾಲ ಕೇಳಲು ಬಂದವನಿಗೂ ಹೋಗಿ ಬನ್ನಿ ಎಂದೇ ಹೇಳುವುದು. ಇವಳಿಗೆ ಅದನ್ನು ಯಾರು ಕಲಿಸಿದ್ದಾರೆ? ನಾನು ಕಲಿಸಿಲ್ಲ.

"ಪ್ಲೀಸ್. ಹೋಗಿ."

ಮೆತ್ತೆ ಮೆಲ್ಲಗೆ ಮೇಲೆದ್ದಿತು. ನೆನೆದ ಕೋಟಿನ ವಾಸನೆ ನನ್ನನ್ನು ಹಾದು ಅವಳ ಕಡೆಗೆ ಹೋಯಿತು, ಬಾಗಿಲ ಬಳಿ ಒಮ್ಮೆ ನಿಂತಿತು, ಆಮೇಲೆ ಇಲ್ಲವಾಯಿತು. ಮನೆ ಹಗುರಾಯಿತು. ಹೊರಗೆ ಯಾರೋ ಹುಲ್ಲು ಕತ್ತರಿಸುವ ಸದ್ದು ಎಷ್ಟೋ ದಿನದ ಮೇಲೆ ಕೇಳಿಸಿತು.

ಬೆರಳಲ್ಲಿ ಕುಂಕುಮ ಹಾಗೇ ಇತ್ತು. ಒಮ್ಮೆ ತೆಗೆದದ್ದನ್ನು ಡಬ್ಬಿಗೆ ಮತ್ತೆ ಹಾಕಬಾರದು. ಬಾಗಿಲಲ್ಲಿ ನಿಂತಿದ್ದ ಮಗಳ ಹಣೆಗೇ ಇಟ್ಟೆ. ಕುಂಕುಮ ಇಟ್ಟ ಮೇಲೆ ಬಾಯಿಗೆ ಬರುವ ಮಾತು ಒಂದೇ. ತಡೆಯುವ ಮೊದಲೇ ಬಂದುಬಿಟ್ಟಿತು:

"ಹೋಗಿ ಬನ್ನಿ."

ಮಾಲವಿಕಾ ಕಣ್ಣೊರೆಸಿಕೊಂಡು ನಕ್ಕಳು. "ಅಮ್ಮಾ, ಐ ಜಸ್ಟ್ ಗಾಟ್ ಹಿಯರ್!"

ಸಂಜೆ ಬಿಸಿ ಅನ್ನಕ್ಕೆ ತುಪ್ಪ ಹಾಕಿ ಕಲಸಿ ತುತ್ತು ಮಾಡಿ ಕೊಟ್ಟೆ. ತಿಂದು ಸೋಫಾದ ಮೇಲೆ, ಎಡತುದಿಯಲ್ಲೇ, ನಿದ್ದೆ ಹೋದಳು.

ಮಾತಿಗೆ ಬಂದ ನೆಂಟರು ಮಾತಿಗೇ ಹೋದರು, ಮಡಿಲಿಗೆ ಬಂದ ಮಗಳು ಮಡಿಲಲ್ಲೇ ಉಳಿದಳು.

ಎರಡು ಸಾಲೂ ನನ್ನವೇ.

ಜುಲೈ 5, ಶನಿವಾರ

ವಿಮಾನದಲ್ಲಿ ಬರೆಯುತ್ತಿದ್ದೇನೆ. ಅಡಿಲೇಡಿಗೆ. ಅವಳ ಕೋಣೆ ಸರಿಮಾಡಿ, ಕಾಲೇಜಿನವರೊಂದಿಗೆ ಮಾತಾಡಿ, ಅವಳು ಸುಧಾರಿಸುವವರೆಗೆ ಇರುತ್ತೇನೆ. ಕೆಲಸ ಹೋದರೆ ಹೋಯಿತು. ದೆವ್ವಗಳಿಗೆ ನಾನಿಲ್ಲದೆ ಏನೂ ಕಡಿಮೆಯಾಗುವುದಿಲ್ಲ. ಇವರೂ ಮುಂದಿನ ವಾರ ಪರ್ತಿನಿಂದ ನೇರವಾಗಿ ಅಲ್ಲಿಗೇ ಬರುತ್ತಾರೆ.

ಸೀಟು ಮೂರು, ಜನ ಇಬ್ಬರು. ನಾನು ಕಿಟಕಿಗೆ ಕೂತು, ಅಭ್ಯಾಸಬಲದಿಂದ ನಡುವಿನ ಸೀಟು ಖಾಲಿ ಬಿಟ್ಟೆ. ಮಾಲವಿಕಾ ಒಂದು ಮಾತೂ ಆಡದೆ ಬಂದು ಅಲ್ಲೇ ಕೂತಳು. ಎಷ್ಟು ಸಮಾಧಾನವಾಯಿತೆಂದು ಬರೆಯಲಾರೆ. ಕೈ ನನ್ನ ಕೈಯ ಮೇಲಿಟ್ಟಳು. ವಿಮಾನದ ಎ.ಸಿ.ಗೆ ಕೈ ತಣ್ಣಗಾಗಿದೆ, ಪಾಪ. ಕೂದಲಿನಿಂದ ಮಳೆಯ ವಾಸನೆ ಬರುತ್ತಿದೆ. ಹೊಸ ಶಾಂಪೂ ಇರಬೇಕು.

ಎರಡು ದಿನದಿಂದ ಮಾತು ಕಡಿಮೆ. ಸುಸ್ತು. ನಾನು ಕಿಟಕಿಯಿಂದ ಮೋಡ ನೋಡಿದರೆ ಅವಳೂ ತಿರುಗಿ ಮೋಡ ನೋಡುತ್ತಾಳೆ.

ಈಗಷ್ಟೇ ಗಗನಸಖಿ ತಳ್ಳುಗಾಡಿ ತಂದಳು. "ಕಾಫಿ ಕುಡೀತೀಯಾ ಪುಟ್ಟಿ?" ಎಂದೆ.

ಮಾಲವಿಕಾ ಎಸ್ ಎನ್ನಲಿಲ್ಲ, ನೋ ಎನ್ನಲಿಲ್ಲ. ಅರೆಕ್ಷಣ ಬಿಟ್ಟು ತಲೆಯನ್ನು ಬಲಕ್ಕೆ ವಾಲಿಸಿದಳು. ಆಮೇಲೆ ಎಡಕ್ಕೆ.

ಇಪ್ಪತ್ತು ವರ್ಷಕ್ಕೆ ಮಗಳ ಕುತ್ತಿಗೆಗೆ ಕನ್ನಡ ಬಂತು. ಇಳಿದ ಕೂಡಲೇ ಇವರಿಗೆ ಹೇಳಬೇಕು.

ಅವಳ ಲೋಟದಲ್ಲಿ ಕಾಫಿ ಹಾಗೇ ಇದೆ.